ಕೊಬ್ಬಿನ ಗುಳಿಗೆ ಮತ್ತು ಒಂದು ‘ಕತೆ’

ನಮ್ಮ ಕೋಲಾರದ ಕಡೆ ಔಷಧಿಗಳನ್ನು ಅವುಗಳ ಹೆಸರು ಹಿಡಿದು ಕರೆಯುವವರು ಕಡಿಮೆ. ಬಂಗಾರಪೇಟೆಯ ಯಾವುದಾದರೂ ಮೆಡಿಕಲ್ ಸ್ಟೋರಿನ ಮುಂದೆ ಸಂಜೆ ಹತ್ತು ನಿಮಿಷ ನಿಂತರೆ ಸಾಕು. ‘ಶುಗರ್ದು ಹತ್ತು ಕೊಡಿ’, ‘ಬಿಪಿದು ಒಂದು ಶೀಟು’, ‘ಚರ್ಬಿಕೀ ಗೋಲಿ’, ‘ರಕ್ತ ತೆಳ್ಳಗೆ ಮಾಡೋದು’. ಎಲ್ಲ ಅಡ್ಡಹೆಸರುಗಳೇ. ಅಂಗಡಿಯಾತ ಹಳೆಯ ಖಾಲಿ ಶೀಟು ನೋಡಿ ಅದೇ ಗುಳಿಗೆ ಕತ್ತರಿಸಿ ಕೊಡುತ್ತಾನೆ, ವ್ಯವಹಾರ ನಡೆಯುತ್ತದೆ. ಕಷ್ಟ ಬರುವುದು ಕಾಯಿಲೆಗೂ ಹೀಗೆಯೇ ಒಂದು ಹೆಸರಿಟ್ಟು ಸುಮ್ಮನಾದಾಗ. ಉರ್ದುವಿನಲ್ಲಿ ಬಾಯಿ ಸೊಟ್ಟಗಾದರೆ ಲಕ್ವಾ, ಅರ್ಧ ಮೈ ಬಿದ್ದರೆ ಫಾಲಿಜ್. ಕನ್ನಡಕ್ಕೆ ಬಂದ ಲಕ್ವ ಎರಡನ್ನೂ ನುಂಗಿಕೊಂಡಿತು. ಅಷ್ಟಕ್ಕೂ ಈ ಪದಗಳೆಲ್ಲ ಹೇಳುವುದು ಹೊರಗೆ ಕಂಡದ್ದನ್ನು. ತಲೆಯೊಳಗೆ ರಕ್ತನಾಳ ಮುಚ್ಚಿಕೊಂಡಿತೋ ಒಡೆಯಿತೋ ಎಂಬುದನ್ನು ಯಾವ ಭಾಷೆಯ ಪದವೂ ಹೇಳದು. ಅದನ್ನು ಸ್ಕ್ಯಾನ್ ಹೇಳಬೇಕು.

ನಮ್ಮ ಮಾಮು ಚಾಂಪಿಯನ್ ರೀಫ್ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ, ಕೈಗೆ ಬಂದ ಹಣದಲ್ಲಿ ಬಂಗಾರಪೇಟೆಯಲ್ಲಿ ಬಲ್ಬು, ಸ್ವಿಚ್ಚು, ವೈರುಗಳ ಅಂಗಡಿ ಇಟ್ಟರು. (ಗಣಿ ಇದ್ದಾಗ ಕಾರ್ಮಿಕರಿಗೆ ಕಂಪೆನಿಯ ಆಸ್ಪತ್ರೆಯೂ ಇತ್ತು. ಗಣಿಯ ಹಿಂದೆಯೇ ಅದೂ ನಿಂತುಹೋಯಿತು.) ಹತ್ತು ವರ್ಷದಿಂದ ಶುಗರ್, ಎಂಟು ವರ್ಷದಿಂದ ಚರ್ಬಿಕೀ ಗೋಲಿ. ಬಿಪಿಯೂ ಇತ್ತು, ಅದಕ್ಕೆ ಮಾತ್ರೆಯೂ ಇತ್ತು. ತಲೆನೋವು ಬಂದ ದಿನ ಮಾತ್ರ ಅದನ್ನು ನುಂಗುತ್ತಿದ್ದರು. ಕಳೆದ ರಮಜಾನಿನ ಒಂದು ಬೆಳಗಿನ ಜಾವ ಸಹರಿ ಮುಗಿಸಿ ಏಳಹೋದಾಗ ಬಲಗೈ ಏಳಲಿಲ್ಲ, ಮಾತು ತೊದಲಿತು. ಕೋಲಾರಕ್ಕೆ ಒಯ್ದು ಸ್ಕ್ಯಾನ್ ಮಾಡಿಸಿದರೆ ಮೆದುಳಿನ ಆಳದಲ್ಲಿ ರಕ್ತ. ಅಲ್ಲಿಂದ ಬೆಂಗಳೂರು, ಹನ್ನೆರಡು ದಿನ. ಜೀವ ಉಳಿಯಿತು. ಬಲಗೈ ಮಾತ್ರ ಇನ್ನೂ ಸ್ಕ್ರೂಡ್ರೈವರ್ ಹಿಡಿಯುವುದಿಲ್ಲ.

ಬಿಡುಗಡೆಯ ಚೀಟಿಯಲ್ಲಿ ಹಳೆಯ ಗುಳಿಗೆಯ ಮುಂದೆ ‘ನಿಲ್ಲಿಸಿ’ ಎಂದು ಬರೆದಿತ್ತು. ಅಷ್ಟೇ ಸಾಕಾಯಿತು. ಮುಮಾನಿ ನೆರೆಮನೆಯವರಿಗೆ ಹೇಳಿದರು: ‘ಚರ್ಬಿಕೀ ಗೋಲಿ ಖಾಕೋ ದಿಮಾಗ್‌ಕೀ ನಸ್ ಫಟೀ ಕತೆ.’ ಕೊಬ್ಬಿನ ಗುಳಿಗೆ ತಿಂದು ಮೆದುಳಿನ ನರ ಒಡೆಯಿತಂತೆ. ದಖನಿಯಲ್ಲಿ ‘ಕತೆ’ ಎಂದರೆ ಕನ್ನಡದ ‘ಅಂತೆ’. ಕನ್ನಡದಲ್ಲಿ ಕತೆ ಬರೆಯುವ ನಮಗೆ ಈ ಎರಡು ಕತೆಗಳ ನಡುವಿನ ದೂರ ಎಷ್ಟು ಸಣ್ಣದೆಂದು ಗೊತ್ತು. ಶುಕ್ರವಾರದ ಹೊತ್ತಿಗೆ ಅದು ಮಸೀದಿಯಲ್ಲಿ ವಜೂ ಮಾಡುವ ಜಾಗಕ್ಕೆ ಬಂತು, ಅಲ್ಲಿಂದ ಮಾರಿಕುಪ್ಪಂ ರೈಲು ಹತ್ತಿತು. ಕತ್ತಲಲ್ಲೇ ಎದ್ದು ಬೆಂಗಳೂರಿಗೆ ದುಡಿಯಲು ಹೋಗುವ ಕೆ.ಜಿ.ಎಫ್. ಜನಕ್ಕೆ ರೈಲಿನಲ್ಲಿ ಮಾತಿಗೇನು ಬರ? ನಮಗೆ ತಿಳಿದಂತೆ ನಾಲ್ವರು ಗುಳಿಗೆ ಬಿಟ್ಟರು. ಅವರಲ್ಲಿ ಒಬ್ಬರ ಹೃದಯದಲ್ಲಿ ಎರಡು ಸ್ಟೆಂಟ್‌ಗಳಿವೆ.

ಈ ಅಂತೆಯಲ್ಲಿ ನಿಜವೇ ಇಲ್ಲವೆಂದರೆ ಅದೂ ಸುಳ್ಳಾದೀತು. ಮಾಮು ನುಂಗುತ್ತಿದ್ದ ಒಂದು ಗುಳಿಗೆಯೊಳಗೆ ಎರಡು ಔಷಧಿಗಳಿದ್ದವು. ಒಂದು ಆಸ್ಪಿರಿನ್, ಇನ್ನೊಂದು ಅಟೋರ್ವಾಸ್ಟಾಟಿನ್. ರಕ್ತ ಹೆಪ್ಪುಗಟ್ಟದಂತೆ ತಡೆಯುವುದು ಆಸ್ಪಿರಿನ್. ಮೆದುಳಿನಲ್ಲಿ ರಕ್ತ ಸೋರಿದಾಗ ವೈದ್ಯರು ಮೊದಲು ಕೈಬಿಡುವುದು ಅದನ್ನೇ. ಸ್ಟಾಟಿನ್ ಎಂಬುದು ಪಿತ್ತಜನಕಾಂಗ ಕೊಲೆಸ್ಟರಾಲ್ ತಯಾರಿಸುವುದನ್ನು ತಗ್ಗಿಸುವ ಔಷಧಿ. ಜಪಾನಿನ ಅಕಿರಾ ಎಂಡೋ 1970ರ ದಶಕದಲ್ಲಿ ಸಾವಿರಾರು ಸೂಕ್ಷ್ಮಜೀವಿಗಳನ್ನು ಜಾಲಾಡಿ, ಕೊನೆಗೆ ಅಕ್ಕಿಯ ಮೇಲಿನ ಬೂಸ್ಟಿನಲ್ಲಿ ಇದರ ಮೂಲವನ್ನು ಕಂಡುಕೊಂಡರು. ನಮ್ಮ ಮನೆಗಳಲ್ಲಿ ಒರೆಸಿ ಬಿಸಾಡುವ ಬೂಸ್ಟು! ಆಸ್ಪಿರಿನ್ ರೀತಿಯಲ್ಲಿ ರಕ್ತ ತೆಳ್ಳಗೆ ಮಾಡುವುದು ಸ್ಟಾಟಿನ್ನಿನ ಕೆಲಸವಲ್ಲ. ಎರಡನ್ನೂ ಒಂದೇ ಕವಚದಲ್ಲಿ ತುಂಬಿದ್ದರಿಂದ ಒಂದರ ಹೆಸರು ಇನ್ನೊಂದಕ್ಕೂ ಅಂಟಿತು.

ಆದರೂ ಸ್ಟಾಟಿನ್ನಿನ ಮೇಲಿನ ಅನುಮಾನ ಬರೀ ರೈಲಿನ ಮಾತಲ್ಲ. 2006ರಲ್ಲಿ ಪ್ರಕಟವಾದ ‘ಸ್ಪಾರ್ಕಲ್’ ಪರೀಕ್ಷೆಯಲ್ಲಿ, ಅದಾಗಲೇ ಲಕ್ವ ಹೊಡೆದಿದ್ದ ಅಥವಾ ಅದರ ಮುನ್ಸೂಚನೆ ಕಂಡಿದ್ದ 4,731 ಜನರಿದ್ದರು. ಅರ್ಧದಷ್ಟು ಜನರಿಗೆ ದಿನಕ್ಕೆ 80 ಮಿಲಿಗ್ರಾಂ ಅಟೋರ್ವಾಸ್ಟಾಟಿನ್, ಉಳಿದವರಿಗೆ ಔಷಧವಿಲ್ಲದ ಹುಸಿ ಗುಳಿಗೆ. ಸುಮಾರು ಐದು ವರ್ಷಗಳಲ್ಲಿ ಮೆದುಳಿನ ರಕ್ತಸ್ರಾವ ಔಷಧಿ ತಿಂದವರಲ್ಲಿ 55 ಜನರಿಗೆ, ತಿನ್ನದವರಲ್ಲಿ 33 ಜನರಿಗೆ ಆಯಿತು. ಇಲ್ಲಿಗೇ ನಿಲ್ಲಿಸಿದರೆ ಮುಮಾನಿಯೇ ಗೆದ್ದರು. ಆದರೆ ನಾಳ ಮುಚ್ಚಿ ಲಕ್ವ ಹೊಡೆದವರು ಔಷಧಿ ತಿಂದ ಗುಂಪಿನಲ್ಲಿ 218, ತಿನ್ನದ ಗುಂಪಿನಲ್ಲಿ 274. ಎರಡು ಬಗೆಯ ಲಕ್ವವನ್ನೂ ಕೂಡಿಸಿದರೆ ತಿಂದವರಲ್ಲಿ 265, ತಿನ್ನದವರಲ್ಲಿ 311. ಹೃದಯಾಘಾತದಂಥ ಅಪಾಯಗಳೂ ತಿಂದವರಲ್ಲೇ ಕಡಿಮೆ. 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ದೊಡ್ಡ ಪರಾಮರ್ಶೆಯ ಅಂದಾಜು ಹೀಗಿದೆ: ಹತ್ತು ಸಾವಿರ ಜನ ಐದು ವರ್ಷ ಸ್ಟಾಟಿನ್ ತಿಂದರೆ ಐದರಿಂದ ಹತ್ತು ಮಂದಿಗೆ ಹೆಚ್ಚುವರಿಯಾಗಿ ಮೆದುಳಿನ ರಕ್ತಸ್ರಾವವಾಗಬಹುದು. ಅದೇ ಹತ್ತು ಸಾವಿರ ಜನ ಈಗಾಗಲೇ ಹೃದಯದ ಅಥವಾ ರಕ್ತನಾಳದ ಕಾಯಿಲೆ ಇದ್ದವರಾದರೆ ಸುಮಾರು ಒಂದು ಸಾವಿರ ಮಂದಿಗೆ ಹೃದಯಾಘಾತ, ಲಕ್ವದಂಥ ಆಪತ್ತು ತಪ್ಪುತ್ತದೆ. ಆ ಐದಾರು ಜನರಲ್ಲಿ ಒಬ್ಬರು ನಮ್ಮ ಮನೆಯವರೇ ಆದರೆ ಈ ಲೆಕ್ಕದಿಂದ ಸಮಾಧಾನವಾಗುವುದಿಲ್ಲ, ಅದೂ ನಿಜ.

ನಮಗೆ ಹೆಚ್ಚು ಮುಖ್ಯವೆನಿಸಿದ್ದು ಇದಕ್ಕಿಂತ ಹಳೆಯದೊಂದು ಲೆಕ್ಕ. ಸ್ಟಾಟಿನ್ ಇನ್ನೂ ಮಾರುಕಟ್ಟೆಗೆ ಬಾರದ ಕಾಲದಲ್ಲಿ ಅಮೆರಿಕದಲ್ಲಿ ಮೂರೂವರೆ ಲಕ್ಷ ಗಂಡಸರ ರಕ್ತ ಪರೀಕ್ಷಿಸಿ, ಆರು ವರ್ಷ ಲೆಕ್ಕವಿಟ್ಟು, ಫಲಿತಾಂಶವನ್ನು 1989ರಲ್ಲಿ ಪ್ರಕಟಿಸಿದರು. ಒಟ್ಟು ಕೊಲೆಸ್ಟರಾಲ್ 160ಕ್ಕಿಂತ ಕಡಿಮೆ ಇದ್ದವರಲ್ಲಿ ತಲೆಯೊಳಗಿನ ರಕ್ತಸ್ರಾವದ ಸಾವು ಉಳಿದವರಿಗಿಂತ ಸುಮಾರು ಮೂರು ಪಟ್ಟು. ಗಮನಿಸಬೇಕಾದದ್ದು ಮುಂದಿನ ಮಾತು: ಈ ನಂಟು ಕಂಡದ್ದು ಬಿಪಿಯ ಕೆಳಗಿನ ಅಂಕಿ 90 ಅಥವಾ ಅದಕ್ಕಿಂತ ಮೇಲಿದ್ದವರಲ್ಲಿ ಮಾತ್ರ. ಒತ್ತಡ ಹತೋಟಿಯಲ್ಲಿದ್ದವರಲ್ಲಿ ಕಾಣಲಿಲ್ಲ. ವೈರಿನ ಅಂಗಡಿಯ ಮಾಮುವಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ‘ಓವರ್‌ಲೋಡ್ ಬೇಟಾ’ ಎಂದರು, ಎಡಗೈಯಲ್ಲಿ ತಸ್ಬೀಹ್ ತಿರುಗಿಸುತ್ತ.

ಬಿಪಿಯ ಮಾತ್ರೆ ತಿಂದರೆ ಏನೂ ಅನ್ನಿಸುವುದಿಲ್ಲ, ಬಿಟ್ಟರೂ ಏನೂ ಅನ್ನಿಸುವುದಿಲ್ಲ. ಅದರ ದುರದೃಷ್ಟವೇ ಅದು. ಮಾಮು ಅಂಗಡಿಗೆ ಬಾಗಿಲು ಹಾಕುವಾಗ ಮೇನ್ ಸ್ವಿಚ್ ತೆಗೆದಿದೆಯೇ ಎಂದು ಎರಡೆರಡು ಬಾರಿ ನೋಡುವವರು. ತಮ್ಮ ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ವರ್ಷವಾಗಿತ್ತು. ಆ ದಿನ ಆಸ್ಪತ್ರೆಯಲ್ಲಿ ನೋಡಿದಾಗ ಮೇಲಿನ ಅಂಕಿ 210 ಇತ್ತು.

ಮೂರು ತಿಂಗಳ ನಂತರ ಬೆಂಗಳೂರಿನ ವೈದ್ಯರು ಸ್ಟಾಟಿನ್ ಒಂದನ್ನೇ, ಆಸ್ಪಿರಿನ್ ಇಲ್ಲದೆ, ಕಡಿಮೆ ಪ್ರಮಾಣದಲ್ಲಿ ಮತ್ತೆ ಬರೆದುಕೊಟ್ಟರು. ಮುಮಾನಿ ಚೀಟಿ ಹಿಡಿದು ಅಲ್ಲೇ ಕೂತರು, ಏಳಲಿಲ್ಲ. ಡಾಕ್ಟರ್ ಸಾಹೇಬರು ಸಿಡುಕದೆ ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ರಕ್ತ ಸೋರಿದ್ದು ಮೆದುಳಿನ ಆಳದಲ್ಲಿ. ಅಲ್ಲಿ ಸಾಮಾನ್ಯವಾಗಿ ನಾಳ ಒಡೆಯುವುದು ಬಿಪಿಯಿಂದ, ಅದನ್ನು ಹಿಡಿದಿಟ್ಟರೆ ಮರುಕಳಿಸುವ ಭಯ ಕಡಿಮೆ. ಮೆದುಳಿನ ಹೊರಪದರದ ಹತ್ತಿರ ಸೋರಿದ್ದರೆ ಮತ್ತೆ ಸೋರುವ ಸಂಭವ ಹೆಚ್ಚು, ಆಗ ಸ್ಟಾಟಿನ್ ಕೊಡಲು ತಾವೂ ಹಿಂಜರಿಯುತ್ತಿದ್ದೆವು ಎಂದರು. ಅಂಥವರು ಸ್ಟಾಟಿನ್ ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ತಿಳಿಯಲೆಂದೇ 2020ರಲ್ಲಿ ಅಮೆರಿಕ, ಕೆನಡಾಗಳಲ್ಲಿ ‘ಸ್ಯಾಟರ್ನ್’ ಎಂಬ ಪರೀಕ್ಷೆ ಶುರುವಾಯಿತು. ಅಂದರೆ ಒಂದೇ ಗುಳಿಗೆ ನಮ್ಮ ಮಾಮುವಿಗೆ ಸರಿ, ಪಕ್ಕದ ಹಾಸಿಗೆಯವರಿಗೆ ಸರಿಯಿಲ್ಲದಿರಬಹುದು. ಮಸೀದಿಯ ಕಟ್ಟೆಯ ಮೇಲೆ ಕೂತು ತೀರ್ಮಾನಿಸುವ ವಿಷಯವಂತೂ ಅಲ್ಲ.

ಗುಳಿಗೆ ಬಿಟ್ಟ ನಾಲ್ವರಲ್ಲಿ ಮೂವರು ಮತ್ತೆ ವೈದ್ಯರ ಬಳಿ ಹೋದರು. ಅವರಲ್ಲಿ ಒಬ್ಬರಿಗೆ ಆಸ್ಪಿರಿನ್ ಬೇಕಾಗಿಯೇ ಇರಲಿಲ್ಲವೆಂದು ತಿಳಿಯಿತು, ಈಗ ಸ್ಟಾಟಿನ್ ಮಾತ್ರ ತಿನ್ನುತ್ತಾರೆ. ಎರಡು ಸ್ಟೆಂಟ್‌ಗಳವರ ಮನೆಗೆ ನಾವೂ ಮಾಮುವೂ ಆಟೋ ಮಾಡಿಕೊಂಡು ರಾಬರ್ಟ್‌ಸನ್‌ಪೇಟೆಗೆ ಹೋಗಿ ಬಂದೆವು. ಚಹಾ ಕೊಟ್ಟರು. ಮಾಮು ತಮ್ಮ ಹೊಸ ಗುಳಿಗೆಯ ಶೀಟನ್ನು ಜೇಬಿನಿಂದ ತೆಗೆದು ಎಡಗೈಯಲ್ಲಿ ಮೇಜಿನ ಮೇಲಿಟ್ಟರು. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಬಕ್ರೀದ್ ಮುಗಿಯಲಿ, ನೋಡೋಣ ಭಾಯ್’ ಎಂದರು. ಬಕ್ರೀದಿಗೆ ಇನ್ನೂ ಏಳು ತಿಂಗಳಿವೆ.