ಅಕ್ಕನ ಮಗಳ ಪೋಲೆಂಡು, ನನ್ನ ನಾಕು ಬಳೆ

ಅಂಗಳದಾಗೆ ಕುಂತು ಶೇಂಗಾ ಬಿಡಿಸ್ತಿದ್ದೆ. ನಮ್ಮಕ್ಕ ಬಂದಾಕೇನೆ, "ನೋಡೇ, ಈಕಿಗೆ ಬೆಂಗಳೂರು ಸಾಲ್ದಂತೆ, ಪೋಲೆಂಡಿಗೆ ಹೊಂಟಾಳೆ. ನೀನಾದ್ರೂ ಬುದ್ಧಿ ಹೇಳು" ಅಂದ್ಳು. ಅಮೆರಿಕ ಗೊತ್ತು, ಲಂಡನ್ ಗೊತ್ತು. ಇದ್ಯಾವ ದೇಶ ಅಂತ ನಾನು ಹುಡುಗಿ ಮುಖ ನೋಡಿದೆ.

ಅಕ್ಕನ ಭಯ ಸುಳ್ಳಲ್ಲ ಬಿಡ್ರಿ. 2022ರಾಗೆ ಉಕ್ರೇನಿನ ಯುದ್ಧದಾಗೆ ರಾಣೇಬೆನ್ನೂರು ತಾಲೂಕಿನ ಚಳಗೇರಿ ಹುಡುಗ ತೀರ್ಕೊಂಡಿದ್ದು ಯಾರಿಗೆ ಮರೆತೈತಿ? ಡಾಕ್ಟರಾಗಾಕೆ ಹೋದ ಮಗ. ಪೋಲೆಂಡು ಅದರ ಪಕ್ಕದ ದೇಶ. "ಬೆಂಕಿ ಬಿದ್ದ ಮನಿ ಪಕ್ಕಕ್ಕೇ ಹೋಗ್ತೀಯೇನೇ?" ಅಂತ ಅಕ್ಕ ಅತ್ಲು. ಅದಕ್ಕೆ ಹುಡುಗಿ, "ಅವ್ವಾ, ಆವಾಗ ನಮ್ಮ ಎಷ್ಟೋ ಹುಡುಗ್ರು ಜೀವ ಉಳಿಸ್ಕೊಳ್ಳಾಕೆ ಓಡಿ ಬಂದಿದ್ದೇ ಪೋಲೆಂಡಿಗೆ" ಅಂದ್ಳು. ಅಕ್ಕ ಸುಮ್ನಾದ್ಳು, ಒಪ್ಪಲಿಲ್ಲ.

ನನಗೆ ಅದಕ್ಕಿಂತ ರೊಕ್ಕದ ಚಿಂತೆ. ಎರಡು ವರ್ಷದ ಓದು, ಇಂಗ್ಲಿಷಿನಾಗೆ. ಈಕಿಗೆ ಸಿಕ್ಕಿರೋ ಸರ್ಕಾರಿ ಯೂನಿವರ್ಸಿಟಿಯಾಗೆ ವರ್ಷಕ್ಕೆ 3000 ಯೂರೋ ಫೀಸು, ಅಂದ್ರೆ ನಮ್ಮ ಲೆಕ್ಕಕ್ಕೆ ಸುಮಾರು 3 ಲಕ್ಷ. ಇಂಗ್ಲೆಂಡಿನಾಗಾದ್ರೆ ಇದರ ಹಲವು ಪಟ್ಟು. ಅಲ್ಲಿನ ಮಕ್ಕಳು ಅವರ ಭಾಷೆಯಾಗೆ ಸರ್ಕಾರಿ ಹಗಲು ಕಾಲೇಜಿನಾಗೆ ಓದಿದ್ರೆ ಫೀಸೇ ಇಲ್ಲಂತೆ. ಊಟ, ರೂಮು ಬೇರೆ. ಬ್ಯಾಂಕಿನೋರು ಏಳೂವರೆ ಲಕ್ಷ ದಾಟಿದ್ರೆ ಆಸ್ತಿ ಅಡ ಕೇಳ್ತಾರೆ. ಭಾವನ ಹತ್ರ ಇರೋದು ಕೂಡ್ಲಿಗಿ ಸೈಟು ಒಂದೇ.

ಮೊದಲು ಬೆಂಗಳೂರಾಗೆ ಒಬ್ಬ ಏಜೆಂಟ ಬೇರೆ ಕಾಲೇಜು ತೋರ್ಸಿದ್ದನಂತೆ. "ಶನಿವಾರ ಭಾನುವಾರ ಅಷ್ಟೇ ಕ್ಲಾಸು, ಉಳಿದ ದಿನ ದುಡೀರಿ, ಆರು ತಿಂಗಳಿಗೆ ಸಾಲ ಚುಕ್ತಾ" ಅಂದನಂತೆ. ನಾನು ಕೇಳಿದ್ದು ಒಂದೇ ಮಾತು: "ನೀನು ಓದಾಕೆ ಹೋಗ್ತೀಯೋ, ದುಡಿಯಾಕೆ ಹೋಗ್ತೀಯೋ?" "ಅದಕ್ಕೇ ಚಿಗವ್ವಾ ಅವನ್ನ ಬಿಟ್ಟು ನಾನೇ ಅರ್ಜಿ ಹಾಕಿದ್ದು" ಅಂದ್ಳು. ಅಲ್ಲೇ ನನಗೆ ಅರ್ಧ ಧೈರ್ಯ ಬಂತು. ನಿಮ್ಮನೇಲೂ ಯಾರಾದ್ರೂ ಹೊಂಟಿದ್ರೆ ದೇಶದ ಹೆಸರು ಆಮೇಲೆ ಕೇಳ್ರಿ. ಸರ್ಕಾರಿನೋ ಖಾಸಗಿನೋ, ಯಾವ ಭಾಷೆಯಾಗೆ ಪಾಠ, ವಾರಕ್ಕೆ ಎಷ್ಟು ದಿನ ಕ್ಲಾಸು, ಇದನ್ನ ಮೊದಲು ಕೇಳ್ರಿ.

ಈಕಿ ಹೋಗೋ ಊರು ಕ್ರಾಕೋವ್. ಆ ಊರಾಗೆ 1364ರಾಗೆ ಕಟ್ಟಿದ ಯೂನಿವರ್ಸಿಟಿ ಒಂದೈತಂತೆ. ನಮ್ಮ ವಿಜಯನಗರ ಶುರುವಾಗಿದ್ದು 1336 ಅಂತ ಓದೀವಲ್ಲ, ಅದಾದ 28 ವರ್ಷಕ್ಕೆ! ಹಂಪಿ ಹಾಳಾಯ್ತು, ಅದು ಇನ್ನೂ ಪಾಠ ಹೇಳ್ತೈತೆ. ಸೂರ್ಯನ ಸುತ್ತ ಭೂಮಿ ತಿರುಗ್ತೈತೆ ಅಂದ ಕೊಪರ್ನಿಕಸ್ ಓದಿದ್ದು ಅಲ್ಲೇ.

ನಮ್ಮತ್ತೆ ಮೂಲ್ಯಾಗೆ ಕುಂತು ಕೇಳ್ತಿದ್ರು. "ಅಲ್ಲಿ ಮಂದಿ ಎಂಥೋರವ್ವಾ?" ಅಂದ್ರು. ಎರಡನೇ ಮಹಾಯುದ್ಧದಾಗೆ ಮನಿಮಾರು ಕಳ್ಕೊಂಡ ಪೋಲೆಂಡಿನ ಸಾವಿರಾರು ಹೆಣ್ಮಕ್ಕಳು ಮಕ್ಕಳು ಕೊಲ್ಲಾಪುರದ ಹತ್ರ ವಳಿವಡೆಯಾಗೆ 1943ರಿಂದ ಐದು ವರ್ಷ ಇದ್ರು ಅಂತ ಹುಡುಗಿ ಹೇಳಿದ್ಳು. ಜಾಮನಗರದ ಮಹಾರಾಜ್ರು ಅಲ್ಲಿನ ಅನಾಥ ಮಕ್ಕಳನ್ನ ಸಾಕಿದ್ದಕ್ಕೆ ವಾರ್ಸಾದಾಗೆ ಒಂದು ಶಾಲೆಗೆ ಅವರ ಹೆಸರು ಇಟ್ಟಾರಂತೆ. "ಕೊಲ್ಲಾಪುರದ ತಾಯಿ ನೆರಳಾಗೆ ಇದ್ದೋರಾ? ಹಂಗಾದ್ರೆ ಹೋಗಲಿ ಬಿಡು" ಅಂದ್ರು ಅತ್ತೆ. ಅವರ ಲೆಕ್ಕ ಅವರದು.

ನಾನು ಪಿಯುಸಿ ಮುಗಿಸಿದಾಗ ಹರಪನಹಳ್ಳಿ ಡಿಗ್ರಿ ಕಾಲೇಜೇ ದೂರ ಆಗಿತ್ತು ನಮ್ಮಪ್ಪಗೆ. ಅವತ್ತು ಇದೇ ಅಕ್ಕ ನನ್ನ ಪರವಾಗಿ ಎರಡು ದಿನ ಉಪಾಸ ಕುಂತಿದ್ಳು. ಅದನ್ನ ನೆನಪು ಮಾಡಿದ್ರೆ, "ಅವತ್ತಿನ ಮಾತೇ ಬೇರೆ" ಅಂದ್ಳು.

ಸೈಟು ಬ್ಯಾಂಕಿಗೆ ಹೋತು. ಕಡಿಮೆ ಬಿದ್ದದ್ದಕ್ಕೆ ನನ್ನ ನಾಕು ಬಳೆ ಅಡ ಇಟ್ಟೀನಿ. ನಮ್ಮನೆಯೋರಿಗೆ ಹೇಳೇ ಇಟ್ಟಿದ್ದು, ಕದ್ದಲ್ಲ. ಅಕ್ಟೋಬರ್ 1ಕ್ಕೆ ಅಲ್ಲಿ ಕಾಲೇಜು ಶುರು. ವೀಸಾ ಇನ್ನೂ ಕೈಗೆ ಬಂದಿಲ್ಲ. ಅಕ್ಕ ನನ್ನ ಜೊತೆ ಸರಿಯಾಗಿ ಮಾತಾಡ್ತಿಲ್ಲ. ಆದ್ರೆ ನಿನ್ನೆ ಹುಡುಗನ್ನ ಕಳಿಸಿ, "ನಿನ್ನ ಹೊಸ ಶೇಂಗಾ ಐದು ಸೇರು ಕೊಡಬೇಕಂತೆ, ಚಟ್ನಿಪುಡಿಗೆ" ಅಂತ ಹೇಳಿಸ್ಯಾಳೆ.