ಬಿಸಿಲಿಗೆ ಹೆದರಿ ಬಿಟ್ಟ ಹವಾ

ನಮ್ಮ ಭಂಕೂರ, ಶಹಾಬಾದ್ ಕಡೆ ಮಾರ್ಚ್ ಮುಗಿಯುವ ಹೊತ್ತಿಗೆ ಪಂಕ್ಚರ್ ಅಂಗಡಿಗಳಲ್ಲಿ ಒಂದು ಮಾತು ಶುರುವಾಗುತ್ತದೆ: "ಬ್ಯಾಸಗಿ ಬಂತ್ರಿ, ಹವಾ ಸ್ವಲ್ಪ ಕಮ್ಮಿ ಇಡ್ರಿ. ಇಲ್ಲಾಂದ್ರ ಬಿಸಿಲಿಗಿ ಟೈರ್ ಒಡಿತದ." ಎಷ್ಟು ಸರಿ ಅನಿಸುತ್ತದೆ ನೋಡಿ! ಕಾದ ಗಾಳಿ ಹಿಗ್ಗುತ್ತದೆ, ಹಿಗ್ಗಿದ್ದು ಒಡೆಯುತ್ತದೆ, ಮೊದಲೇ ಬಿಟ್ಟುಬಿಟ್ಟರೆ ಚಿಂತೆಯಿಲ್ಲ. ಇದನ್ನು ನಂಬಿ ಹೊರಟ ಒಂದು ಮದುವೆ ಗಾಡಿಯ ಕಥೆ ಕೇಳಿ.

ಗುಲ್ಬರ್ಗ ಇನ್ನೂ ಕಲಬುರಗಿ ಆಗಿರಲಿಲ್ಲ. ಮೇ ತಿಂಗಳು. ಹೆಣ್ಣಿನ ಕಡೆಯವರು ಕೆಲವರು ಭಂಕೂರಿನಿಂದ ಸೇಡಂಗೆ ಹೊರಟಿದ್ದೆವು. ಬಾಡಿಗೆಯ ಹಳೇ ಕಾರು. ಕೂರಬೇಕಾದ್ದಕ್ಕಿಂತ ಹೆಚ್ಚು ಮಂದಿ, ಡಿಕ್ಕಿ ತುಂಬ ಹಿತ್ತಾಳೆ ಪಾತ್ರೆ, ಸೀರೆಯ ಗಂಟುಗಳು. ಹೊರಡುವ ಮುಂಚೆ ಡ್ರೈವರ್ ಹುಡುಗ ನಾಲ್ಕೂ ಚಕ್ರದ ವಾಲ್ವ್ ಒತ್ತಿ ಬುಸ್ಸೆಂದು ಹವಾ ಬಿಟ್ಟ. ಸೋದರಮಾವ ನಿಂತು ನೋಡಿ, "ಹುಡುಗ ಶಾಣ್ಯಾ ಇದ್ದಾನ" ಅಂದರು.

ವಾಡಿಯ ಸಿಮೆಂಟ್ ಧೂಳು ದಾಟಿ ಚಿತ್ತಾಪುರದ ದಾರಿ ಹಿಡಿದಿದ್ದೆವು. ಹಿಂದಿನಿಂದ ಢಂ ಅಂತು. ಗಾಡಿ ಹಾವಿನ ಹಾಗೆ ಓಲಾಡಿತು. ಹುಡುಗ ಬ್ರೇಕ್ ಮೇಲೆ ಕುಣಿಯಲಿಲ್ಲ, ಸ್ಟೇರಿಂಗ್ ಗಟ್ಟಿ ಹಿಡಿದು ವೇಗ ತಾನಾಗಿ ಇಳಿಯಲು ಬಿಟ್ಟ. ಅಷ್ಟರಮಟ್ಟಿಗೆ ಅವನು ಶಾಣ್ಯಾನೇ. ಯಾರಿಗೂ ಏನೂ ಆಗಲಿಲ್ಲ. ಪಾತ್ರೆಗಳನ್ನೆಲ್ಲ ರಸ್ತೆಬದಿಗೆ ಇಳಿಸಿ ತಳದಿಂದ ಸ್ಟೆಪ್ನಿ ಎತ್ತಿದರೆ, ಅದರಲ್ಲಿ ಹವಾ ಅನ್ನೋದೇ ಇಲ್ಲ! ಒಂದು ಜಾಲಿ ಗಿಡದ ನೆರಳಿಗೆ ಅಷ್ಟೂ ಜನ. ಅತ್ತೆಯರು ಡ್ರೈವರನ ಜೊತೆಗೆ ಮಾವನನ್ನೂ ತರಾಟೆಗೆ ತೆಗೆದುಕೊಂಡರು.

ಕೊನೆಗೆ ಫರಸಿ ಕಲ್ಲಿನ ಲಾರಿಯೊಂದು ನಿಂತಿತು. ಒಡೆದ ಟೈರು, ಸ್ಟೆಪ್ನಿ ಎರಡನ್ನೂ ಹೇರಿಕೊಂಡು ನಾನು, ಹುಡುಗ ವಾಡಿಗೆ ವಾಪಸ್. ಅಲ್ಲಿದ್ದ ಟೈರ್ ಮೇಸ್ತ್ರಿಗೆ ವಯಸ್ಸಾಗಿತ್ತು. ಆಯುಷ್ಯವೆಲ್ಲ ಕಲ್ಲಿನ ಲಾರಿಗಳ ಟೈರು ಬಿಚ್ಚಿದ್ದ ಕೈ. ಒಡೆದ ಟೈರಿನೊಳಗೆ ಆ ಕೈ ಹಾಕಿ ಹೊರಗೆ ತೆಗೆದರೆ ಬೆರಳಿಗೆಲ್ಲ ಕಪ್ಪು ಪುಡಿ. "ನೋಡ್ರಿ, ರಬ್ಬರ್ ಹಿಟ್ಟಾಗ್ಯದ. ಬಿಸಿಲು ಹಿಂಗ ಬೀಸಂಗಿಲ್ಲ." ಟೈರಿನ ಪಕ್ಕದ ಗೋಡೆಯ ಒಳಮೈ ಸುತ್ತಲೂ ಬಳೆಯಾಕಾರದಲ್ಲಿ ಸವೆದಿತ್ತು. ಆಮೇಲೆ ಒಂದು ತಂತಿ ಎತ್ತಿಕೊಂಡು ಒಂದೇ ಕಡೆ ಹಿಂದೆ ಮುಂದೆ ಮಣಿಸಿ, ಬಾಗಿದ ಜಾಗವನ್ನು ಹುಡುಗನ ಕೈಗೆ ತಾಗಿಸಿದ. ಹುಡುಗ ಚುರ್ರೆಂದು ಕೈ ಎಳೆದುಕೊಂಡ. ಇನ್ನೆರಡು ಸಲ ಮಣಿಸಿದ, ತಂತಿ ತುಂಡಾಯಿತು.

ಅಷ್ಟೇ ವಿಷಯ. ಹವಾ ಕಡಿಮೆಯಾದ ಟೈರು ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ. ಆ ಬಾಗಾಟವೇ ಬೆಂಕಿ. ಮೇಲೆ ಭಾರ, ಕೆಳಗೆ ಕಾದ ಡಾಂಬರು. ಸರಿಯಾಗಿ ತುಂಬಿದ ಟೈರಿಗೂ ಬಿಸಿ ಏರುತ್ತದೆ ಅನ್ನಿ. ಬೆಳಗ್ಗೆ 25 ಡಿಗ್ರಿಯಲ್ಲಿ 30 ಪೌಂಡ್ ಇದ್ದದ್ದು, ಟೈರಿನೊಳಗಿನ ಗಾಳಿ 65 ಡಿಗ್ರಿಗೆ ಕಾದರೆ 36ರ ಹತ್ತಿರ ಹೋಗುತ್ತದೆ. ಈ ಏರಿಕೆಯನ್ನು ಲೆಕ್ಕಕ್ಕೆ ಹಿಡಿದೇ ಟೈರು ಮಾಡಿರುತ್ತಾರೆ. ಅದಕ್ಕೇ ಕಾದ ಟೈರಿನ ಹವಾ ಬಿಡಬಾರದು.

ನಮ್ಮ ಬಿಸಿಲುನಾಡಿನ ಪೆದ್ದುತನ ಮಾತ್ರ ಇದು ಅಂದುಕೊಳ್ಳಬೇಡಿ. 2000ದಲ್ಲಿ ಅಮೆರಿಕದ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ವಾಪಸ್ ಕರೆಸಿಕೊಂಡಿತು. ಆ ಟೈರುಗಳು ಹೆಚ್ಚಾಗಿ ಕಿತ್ತುಬಂದದ್ದು ಅಲ್ಲಿನ ಬಿಸಿ ರಾಜ್ಯಗಳಲ್ಲೇ. ಟೈರಿನ ತಯಾರಿಕೆಯ ದೋಷದ ಮಾತಿನ ಜೊತೆಗೆ ಆ ಟೈರು ಹಾಕಿದ್ದ ಗಾಡಿಗಳಿಗೆ ಫೋರ್ಡ್ ಕಂಪನಿ ಹೇಳಿದ್ದ 26 ಪೌಂಡ್ ಸಾಕಾಗಿತ್ತೇ ಅನ್ನುವುದೂ ಆಮೇಲೆ ನಡೆದ ಜಗಳದಲ್ಲಿತ್ತು. ಅದರಿಂದಾಗಿ ಬಂದ ಕಾನೂನಿನ ಪ್ರಕಾರ 2007ರ ಸೆಪ್ಟೆಂಬರ್‌ನಿಂದ ಅಲ್ಲಿನ ಹೊಸ ಕಾರುಗಳಿಗೆಲ್ಲ ಹವಾ ಇಳಿದರೆ ಎಚ್ಚರಿಸುವ ದೀಪ ಕಡ್ಡಾಯವಾಯಿತು.

ಅವತ್ತು ನಾವು ಸೇಡಂ ಮುಟ್ಟಿದಾಗ ಅಕ್ಷತೆ ಬಿದ್ದು, ಊಟದ ಎರಡನೇ ಪಂಕ್ತಿ ನಡೆದಿತ್ತು.

ಎಷ್ಟು ಹವಾ ಬೇಕೆಂದು ಅಂಗಡಿಯವನನ್ನು ಕೇಳಬೇಡಿ. ಹೆಚ್ಚಿನ ಕಾರುಗಳಲ್ಲಿ ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಅಂಟಿಸಿದ ಪಟ್ಟಿ ಕಾಣುತ್ತದೆ. ಖಾಲಿ ಗಾಡಿಗೆ ಎಷ್ಟು, ತುಂಬಿದ ಗಾಡಿಗೆ ಎಷ್ಟು ಅಂತ ಅದರಲ್ಲೇ ಬರೆದಿರುತ್ತದೆ. ಟೈರಿನ ಮೈಮೇಲೆ ಇರುವುದು ಗರಿಷ್ಠ ಮಿತಿ, ಅದನ್ನು ತುಂಬಬೇಡಿ. ತಿಂಗಳಿಗೊಮ್ಮೆ, ಬೆಳಗ್ಗೆ ಗಾಡಿ ತಣ್ಣಗಿರುವಾಗ ಅಳೆಸಿ. ಸ್ಟೆಪ್ನಿಯನ್ನೂ ಇಳಿಸಿ ತೋರಿಸಿ.