ಸ್ಟೌವಿನ ಪಿನ್ನು, ಜೀಪಿನ ನಾಝಲ್ಲು

ನಮ್ಮ ಮನೆಯಲ್ಲಿ ಕೆಮ್ಮುವವರು ಇಬ್ಬರು. ಒಬ್ಬರು ನಮ್ಮ ಅತ್ತೆಯವರು, ಇನ್ನೊಂದು 2004ರಲ್ಲಿ ಕೊಂಡ ನಮ್ಮ ಡೀಸೆಲ್ ಜೀಪು. ಅತ್ತೆಯವರಿಗೆ ಉಬ್ಬಸ. ಚಳಿ ಬಿತ್ತೆಂದರೆ ನಡುರಾತ್ರಿಯಲ್ಲಿ ಎದ್ದು ಕೂರುತ್ತಾರೆ. ನಾವಿರುವುದು ಸಾಗರದಿಂದ 14 ಕಿಲೋಮೀಟರು ಒಳಗೆ. ಆ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗಲು ಜೀಪು ಬಿಟ್ಟರೆ ಬೇರೆ ಗತಿಯಿಲ್ಲ. ಹಾಗಾಗಿ ಒಬ್ಬರು ಕೆಮ್ಮುವಾಗ ಇನ್ನೊಬ್ಬರು ಸುಮ್ಮನಿರಬೇಕು ಎಂಬುದು ನಮ್ಮ ಮನೆಯ ಕಾನೂನು. 2022ರ ಕಾರ್ತಿಕದ ಚಳಿಯಲ್ಲಿ ಇಬ್ಬರೂ ಒಟ್ಟಿಗೇ ಕೆಮ್ಮತೊಡಗಿದರು.

ಬೆಳಿಗ್ಗೆ ಕೀಲಿ ತಿರುಗಿಸಿದರೆ ಜೀಪು ನಾಲ್ಕೈದು ಸಲ ಗೊಣಗಿ, ಅಂಗಳದ ತುಂಬ ಹೊಗೆ ಬಿಟ್ಟು, ಆಮೇಲೆ ಎದ್ದೇಳುತ್ತಿತ್ತು. ನಿಂತಲ್ಲೇ ಓಡುವಾಗ ಮೈಯೆಲ್ಲ ನಡುಕ. ಏರಿನಲ್ಲಿ ಹಿಂದಿನಿಂದ ಕಪ್ಪು ಹೊಗೆ. ಮನೆಯ ಖರ್ಚಿನ ಪುಸ್ತಕ ಬರೆಯುವವಳು ನಾನು. ಲೀಟರಿಗೆ 12 ಕಿಲೋಮೀಟರು ಕೊಡುತ್ತಿದ್ದ ಗಾಡಿ 9ಕ್ಕೆ ಇಳಿದಿದ್ದು ಮೊದಲು ಕಂಡದ್ದು ನನ್ನ ಪುಸ್ತಕದಲ್ಲೇ.

ಹೇಳಿದ ಮರುದಿನವೇ ನಮ್ಮವರು ಪೇಟೆಯಿಂದ ಒಂದು ಬಾಟಲಿ ತಂದರು. "ನಾಝಲ್ ಕ್ಲೀನರ್ ಇದು. ಟ್ಯಾಂಕಿಗೆ ಸುರಿದರೆ ಸಾಕು. ಬಿಚ್ಚೋದೂ ಬೇಡ, ಕಟ್ಟೋದೂ ಬೇಡ" ಎಂದರು. ಬಿಚ್ಚದೆ ಕಟ್ಟದೆ ವಾಸಿಯಾಗುವ ಔಷಧಿಯೆಂದರೆ ಯಾರಿಗೆ ಬೇಡ ಹೇಳಿ? ಕನ್ನಡಕ ಹಾಕಿಕೊಂಡು ಚೀಟಿ ಓದಿದೆ. ಇಷ್ಟು ಲೀಟರ್ ಡೀಸೆಲಿಗೆ ಇಷ್ಟು ಎಂದು ಅಳತೆ ಇತ್ತು. ಮೊದಲು ಮದ್ದು ಸುರಿದು ಆಮೇಲೆ ಡೀಸೆಲ್ ತುಂಬಿಸಿದರೆ ಚೆನ್ನಾಗಿ ಬೆರೆಯುತ್ತದೆ ಎಂದೂ ಇತ್ತು. ಹಾಗೆಯೇ ಮಾಡಿದೆವು.

ಅದರ ಕೆಲಸ ಏನೆಂದು ನಿಧಾನವಾಗಿ ತಿಳಿದುಕೊಂಡೆ. ಡೀಸೆಲ್ ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಇಲ್ಲ. ಒಳಗಿನ ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾದು ಕೆಂಡದಂತಾಗುತ್ತದೆ. ಆ ಗಾಳಿಗೆ ನಾಝಲ್ಲು ಡೀಸೆಲನ್ನು ಮಂಜಿನಂತೆ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ನಮ್ಮಂಥ ಹಳೇ ಜೀಪಿನಲ್ಲಿ ಆ ನಾಝಲ್ಲು ಬಾಯಿ ತೆರೆಯುವುದು ಸುಮಾರು 200 ಬಾರ್ ಒತ್ತಡದಲ್ಲಿ. ಕಾರಿನ ಟಯರಿನ ಗಾಳಿ 2 ಬಾರ್ ಆಸುಪಾಸು ಎಂದರೆ ಲೆಕ್ಕ ಹಾಕಿಕೊಳ್ಳಿ. ಈಗಿನ ಕಾಮನ್‌ರೈಲ್ ಗಾಡಿಗಳಲ್ಲಿ 1600, 2000 ಬಾರ್ ತನಕ ಒತ್ತಡ ಹೋಗುತ್ತದಂತೆ. ಅವುಗಳ ತೂತು ತಲೆಕೂದಲಿಗಿಂತ ತುಸು ದಪ್ಪ, ಅಷ್ಟೇ. ಅಂಥ ತೂತಿನ ಬಾಯಲ್ಲಿ ಮಸಿ ಗಟ್ಟಿಯಾಗಿ ಕೂತರೆ ಮಂಜಿನ ಬದಲು ಹನಿ ಬೀಳುತ್ತದೆ. ಹನಿ ಪೂರ್ತಿ ಉರಿಯದೆ ಕಪ್ಪು ಹೊಗೆಯಾಗುತ್ತದೆ. ಬಾಟಲಿಯಲ್ಲಿರುವುದು ಒಂದು ಬಗೆಯ ಸೋಪು. ಅದರ ಒಂದು ತುದಿ ಕೊಳೆಯನ್ನು ಹಿಡಿಯುತ್ತದೆ, ಇನ್ನೊಂದು ತುದಿ ಡೀಸೆಲಿನಲ್ಲಿ ಕರಗಿರುತ್ತದೆ. ಹೀಗೆ ಕೊಳೆಯನ್ನು ಚೂರುಚೂರೇ ಎಳೆದುಕೊಂಡು ಹೋಗಿ ಉರಿಸಿಬಿಡುತ್ತದೆ. ಒಂದೇ ದಿನಕ್ಕಲ್ಲ, ಎರಡು ಮೂರು ಟ್ಯಾಂಕು ಡೀಸೆಲ್ ಹೋಗಬೇಕು.

ನಮ್ಮ ಜೀಪೂ ಮೊದಲ ಟ್ಯಾಂಕಿಗೆ ತುಸು ಗೆಲುವಾಯಿತು. ನಡುಕ ಕಡಿಮೆಯಾಯಿತು. ನಮ್ಮವರ ಮುಖದಲ್ಲಿ ಡಾಕ್ಟರರ ಕಳೆ ಬಂತು! ಎರಡನೇ ಟ್ಯಾಂಕಿಗೂ ಅಷ್ಟೇ ಗೆಲುವು, ಹೆಚ್ಚಲಿಲ್ಲ. ಕಪ್ಪು ಹೊಗೆ, ಬೆಳಗಿನ ಗೊಣಗಾಟ ಹಾಗೆಯೇ ಉಳಿದವು. "ಇನ್ನೊಂದು ಬಾಟಲಿ ಹಾಕೋಣ" ಎಂದರು. ಡಿಸೆಂಬರಿನಲ್ಲಿ ಮೂರನೆಯದೂ ಬಂತು, ಅದೂ ಅಳತೆ ಮೀರಿ. ಪಕ್ಕದ ಮನೆಯವರಂತೂ ಡೀಸೆಲಿಗೆ ಸೀಮೆಎಣ್ಣೆ ಬೆರೆಸಿ, ನಾಝಲ್ ಫಳಫಳ ಆಗುತ್ತದೆ ಎಂದರು. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಡೀಸೆಲಿನ ಜಿಡ್ಡೇ ಪಂಪಿನ ಒಳಗಿನ ಭಾಗಗಳಿಗೆ ಎಣ್ಣೆಯ ಹಾಗೆ. ಸೀಮೆಎಣ್ಣೆ ತೆಳು, ಒಣಕಲು. ಬೆರೆಸಿದರೆ ಪಂಪು ಸವೆಯುತ್ತದೆ.

ಆದರೆ ಹೇಳಬೇಕಾದ ಇನ್ನೊಂದು ಮಾತು ನನ್ನ ಬಾಯಲ್ಲೇ ಉಳಿದಿತ್ತು.

ನನ್ನ ತವರಿನಲ್ಲಿ ಹಿತ್ತಾಳೆಯ ಪಂಪ್ ಸ್ಟೌವ್ ಇತ್ತು. ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲೂ ಇದ್ದಿರಬೇಕು. ಪಂಪು ಹೊಡೆದರೆ ಸೀಮೆಎಣ್ಣೆ ಮೇಲೇರಿ, ಕಾದ ಬರ್ನರಿನಲ್ಲಿ ಆವಿಯಾಗಿ, ನಿಪ್ಪಲಿನ ಸಣ್ಣ ತೂತಿನಿಂದ ಭರ್ರೆಂದು ಹೊರಟು ನೀಲಿಯಾಗಿ ಉರಿಯುತ್ತಿತ್ತು. ತೂತಿಗೆ ಮಸಿ ಕಟ್ಟಿದರೆ ತಗಡಿನ ಪಿನ್ನಿನಿಂದ ಒಂದು ಸಲ ಚುಚ್ಚಿದರೆ ಸಾಕು, ಉರಿ ಮತ್ತೆ ನೀಲಿ. ಹತ್ತು ಹನ್ನೊಂದು ವರ್ಷದ ನನಗೆ ಆ ಚುಚ್ಚುವ ಕೆಲಸವೆಂದರೆ ಬಲು ಇಷ್ಟ. ಬೇಕಿರಲಿ ಬೇಡದಿರಲಿ ಚುಚ್ಚುತ್ತಿದ್ದೆ. ಒಂದು ದಿನ ಉರಿ ಹಳದಿಯಾಗಿ ಮೇಲೆದ್ದಿತು, ಪಾತ್ರೆಯೆಲ್ಲ ಮಸಿ. ಮತ್ತೆ ಮತ್ತೆ ಚುಚ್ಚಿದೆ. ಅಮ್ಮ ಕೈಯಿಂದ ಪಿನ್ನು ಕಸಿದುಕೊಂಡು ಹೇಳಿದಳು: "ಕಸ ಕೂತರೆ ಪಿನ್ನು, ತೂತು ಸವೆದರೆ ಹೊಸ ನಿಪ್ಪಲು. ಸವೆದದ್ದಕ್ಕೆ ಪಿನ್ನು ಹಾಕಿದರೆ ಇನ್ನೂ ಸವೆಯುತ್ತೆ ಅಷ್ಟೇ."

ಎರಡನೇ ಬಾಟಲಿಯ ಹೊತ್ತಿಗೇ ನನಗೆ ಈ ಮಾತು ನೆನಪಾಗಿತ್ತು. ನಮ್ಮ ಜೀಪಿಗೆ ಆಗಿರುವುದು ಕಸವಲ್ಲ, ಸವೆತ ಅನ್ನಿಸಿತ್ತು. ಆದರೂ ಹೇಳಲಿಲ್ಲ. ನಮ್ಮವರು ಗದರುವವರೇನಲ್ಲ. ಆದರೆ ಇಂಜಿನ್ನಿನ ಮಾತಿನ ನಡುವೆ ಅಡುಗೆಮನೆಯ ಸ್ಟೌವನ್ನು ತಂದರೆ ಅವರು ನಗುತ್ತಾರೆ ಅನ್ನಿಸಿತು. ನಗೆಗೆ ಹೆದರಿ ಸುಮ್ಮನಾದೆ.

2023ರ ಜನವರಿಯ ಒಂದು ರಾತ್ರಿ, ಎರಡು ಗಂಟೆಯಿರಬೇಕು, ಅತ್ತೆಯವರಿಗೆ ಉಸಿರು ಕಟ್ಟಿತು. ಇನ್ಹೇಲರಿಗೆ ಬಗ್ಗಲಿಲ್ಲ. ಶಾಲು ಹೊದಿಸಿ ಜೀಪಿನಲ್ಲಿ ಕೂರಿಸಿದೆವು. ಕೀಲಿ ತಿರುಗಿಸಿದರೆ ಬರೀ ಗರಗರ ಸದ್ದು. ಮತ್ತೆ ಮತ್ತೆ ತಿರುಗಿಸಿ ಬ್ಯಾಟರಿಯೂ ಸೋತಿತು. ಅತ್ತೆಯವರು ಎದುರಿನ ಸರಳು ಹಿಡಿದುಕೊಂಡು ಬಾಗಿ ಕೂತಿದ್ದರು. ಒಂದು ಮಾತೂ ಆಡಲಿಲ್ಲ, ಆಡಲು ಉಸಿರಿರಲಿಲ್ಲ. ಕೊನೆಗೆ ಪಕ್ಕದ ಮನೆಯವರನ್ನು ಎಬ್ಬಿಸಿ ಇಳಿಜಾರಿನ ತನಕ ನೂಕಿದೆವು. ನಾನೂ ಸೆರಗು ಸಿಕ್ಕಿಸಿಕೊಂಡು ನೂಕಿದೆ. ಇಳಿಜಾರಿನ ಬುಡದಲ್ಲಿ ಜೀಪು ಹೊಗೆ ಉಗುಳಿ ಎದ್ದಿತು. ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿದ ಮೇಲೆ ಅವರ ಉಗುರಿಗೆ ಬಣ್ಣ ಮರಳಿತು. ಬೆಂಚಿನ ಮೇಲೆ ಕೂತಿದ್ದ ನನ್ನ ತಲೆಯಲ್ಲಿ ಅಮ್ಮನ ಮಾತೊಂದೇ ಸುತ್ತುತ್ತಿತ್ತು.

ಅತ್ತೆಯವರು ಮನೆಗೆ ಬಂದ ವಾರದಲ್ಲಿ ಶಿವಮೊಗ್ಗದ ಒಂದು ಡೀಸೆಲ್ ಪಂಪ್ ರಿಪೇರಿ ಅಂಗಡಿಗೆ ಹೋದೆವು. ಈ ಸಲ ನಾನೂ ಹೊರಟೆ. ವಯಸ್ಸಾದ ಮಿಸ್ತ್ರಿ ನಾಲ್ಕು ನಾಝಲನ್ನೂ ಬಿಚ್ಚಿ, ಒಂದೊಂದನ್ನೇ ಕೈಪಂಪಿನ ಯಂತ್ರಕ್ಕೆ ಸಿಕ್ಕಿಸಿ ಒತ್ತಿ ತೋರಿಸಿದರು. ಮೊದಲೆರಡು ಮಂಜಿನಂತೆ ಚಿಮ್ಮಿದವು. ನೋಡುವ ಆಸೆಯಿಂದ ನಾನು ಬೆರಳು ಚಾಚಿದೆ. "ಕೈ ತೆಗೀರಿ ಅಮ್ಮಾ!" ಎಂದು ಕೂಗಿದರು. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ, ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು ಎಂದರು. ಮೂರನೆಯದು ಒಂದು ಪಕ್ಕಕ್ಕೆ ಉಗುಳಿತು. ಅದರ ಮಸಿ ತೆಗೆದ ಮೇಲೆ ಸರಿಯಾಯಿತು. ನಾಲ್ಕನೆಯದು ಹಳೇ ನಲ್ಲಿಯಂತೆ ತೊಟ್ಟಿಕ್ಕಿತು. ತೊಳೆದ ಮೇಲೂ ತೊಟ್ಟಿಕ್ಕಿತು.

"ಬಾಟಲಿ ಹಾಕ್ತಿದ್ರಾ ಸಾರ್?" ಎಂದು ಕೇಳಿದರು. ನಮ್ಮವರು ಮೂರು ಎಂದು ಬೆರಳು ತೋರಿಸಿದರು. ಮಿಸ್ತ್ರಿ ನಗಲಿಲ್ಲ. "ತಪ್ಪೇನಿಲ್ಲ. ಅದು ಸೋಪು. ಸೋಪಿಗೆ ಕೊಳೆ ಹೋಗ್ತದೆ, ಹರಿದ ಸೀರೆ ಹೊಲಿದುಕೊಳ್ಳೋದಿಲ್ಲ. ಇದರ ಒಳಗೆ ಸೂಜಿ ಕೂರೋ ಜಾಗ ಸವೆದಿದೆ. ಹೀಗೇ ತೊಟ್ಟಿಕ್ಕಿಸಿಕೊಂಡು ಓಡಿಸಿದ್ರೆ ಪಿಸ್ಟನ್ ಸುಟ್ಟು ತೂತಾಗ್ತಿತ್ತು. ಆಗ ಇಂಜಿನ್ನೇ ಇಳಿಸಬೇಕು" ಎಂದರು.

"ಕಸ ಕೂತರೆ ಪಿನ್ನು, ಸವೆದರೆ ಹೊಸ ನಿಪ್ಪಲು" ಎಂದು ನನ್ನ ಬಾಯಿಂದ ಬಂದೇ ಬಿಟ್ಟಿತು. ಮಿಸ್ತ್ರಿ ತಲೆಯೆತ್ತಿ, "ಸರಿಯಾಗಿ ಹೇಳಿದ್ರಿ ಅಮ್ಮಾ. ಪಂಪ್ ಸ್ಟೌವ್ ಅಲ್ವಾ?" ಎಂದರು. ಅವರ ಅಪ್ಪ ಮೊದಲು ಸ್ಟೌವ್ ರಿಪೇರಿಯವರಂತೆ!

ವಾಪಸು ಬರುವಾಗ ಆನಂದಪುರ ದಾಟುವ ತನಕ ನಮ್ಮವರು ಮಾತಾಡಲಿಲ್ಲ. ಆಮೇಲೆ, "ಇದನ್ನ ಮೊದಲೇ ಯಾಕೆ ಹೇಳಲಿಲ್ಲ ನೀನು?" ಎಂದರು. "ನೀವು ನಗುತ್ತೀರಿ ಅಂತ" ಎಂದೆ. ಅವರು ಸ್ವಲ್ಪ ಹೊತ್ತು ರಸ್ತೆ ನೋಡಿ, "ನಗುತ್ತಿದ್ದೆ" ಎಂದು ಒಪ್ಪಿಕೊಂಡರು. ಅಷ್ಟಕ್ಕೇ ಮಾತು ಮುಗಿಯಿತು.

ಈಗಲೂ ಬಾಟಲಿ ತರುತ್ತೇವೆ, ಆರು ತಿಂಗಳಿಗೊಂದು, ಚೀಟಿಯ ಅಳತೆಯಲ್ಲೇ. ಕೊಳೆ ಗಟ್ಟಿಯಾಗುವ ಮೊದಲೇ ತೊಳೆಯಲು ಅದು ಒಳ್ಳೆಯದೇ. ಕಾಲಕಾಲಕ್ಕೆ ಡೀಸೆಲ್ ಫಿಲ್ಟರ್ ಬದಲಿಸುತ್ತೇವೆ, ಅದರ ಅಡಿಯಲ್ಲಿ ನಿಂತ ನೀರು ಬಿಡುತ್ತೇವೆ. ಗಾಳಿಯ ಫಿಲ್ಟರ್ ಕಟ್ಟಿಕೊಂಡರೂ ಕಪ್ಪು ಹೊಗೆ ಬರುವುದರಿಂದ ಅದನ್ನೂ ನೋಡುತ್ತೇವೆ. ಎರಡು ಟ್ಯಾಂಕಿಗೆ ಗುಣ ಕಾಣದಿದ್ದರೆ ಮೂರನೇ ಬಾಟಲಿ ಇಲ್ಲ, ಸೀದಾ ಶಿವಮೊಗ್ಗ. ತಾರೀಖು ಬರೆದಿಡುವುದು ನನ್ನ ಪುಸ್ತಕದಲ್ಲಿ.

ಮೊನ್ನೆ ಜೀಪಿನಲ್ಲಿ ಹೊಸದೊಂದು ಕಟಕಟ ಸದ್ದು ಕೇಳಿಸಿತು. ನಮ್ಮವರು ಇಂಜಿನ್ ನಿಲ್ಲಿಸಿ, ಬಾನೆಟ್ ಎತ್ತುವ ಮೊದಲು ಅಡುಗೆಮನೆಯ ಕಿಟಕಿಯತ್ತ ತಿರುಗಿ ಕೂಗಿದರು: "ಸ್ವಲ್ಪ ಬಾರೇ, ಇದು ಏನು ಅನ್ನಿಸುತ್ತೆ ನಿಂಗೆ?"

ಒಲೆ ಸಣ್ಣ ಮಾಡಿ ಹೋದೆ.